ಮಂಚದ ಅಡಿಯ ಪ್ಲೈವುಡ್

ಮಾರಾಟಕ್ಕೆ ನಿಂತ ಕ್ಯಾಂಪರ್ ವ್ಯಾನ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಗಾಡಿ, ನೋಡಲು ಹೋದವರು ಒಳಗೆ ಹತ್ತಿದ ಕೂಡಲೇ ಹಾಸಿಗೆಯ ಮೇಲೆ ಕೂತು ನೋಡುತ್ತಾರೆ. ಕಳೆದ ಮಳೆಗಾಲದಿಂದ ಇದನ್ನು ಗಮನಿಸುತ್ತಾ ಬಂದಿದ್ದೇನೆ. ಚಪ್ಪಲಿ ಕಳಚಿ, ತಲೆ ತಗ್ಗಿಸಿ ಒಳಗೆ ಹೋಗಿ, ಹಿಂದಿನ ಮಂಚದ ಮೇಲೆ ಕೂತು, ಒಮ್ಮೆ ಮೇಲೆ ಕೆಳಗೆ ಕುಲುಕಿ, ಕಿಟಕಿಯ ಪರದೆ ಸರಿಸಿ ಹೊರಗೆ ನೋಡುತ್ತಾರೆ. ಹೊರಗಿರುವುದು ಯಾರದ್ದೋ ಕಂಪೌಂಡು ಗೋಡೆ, ಒಣಗಲು ಹಾಕಿದ ಲುಂಗಿ. ಅವರಿಗೆ ಕಾಣುವುದು ಮಾತ್ರ ಮರವಂತೆಯ ಕಡಲು. ವ್ಯಾಪಾರದ ಅರ್ಧ ಭಾಗ ಅಲ್ಲಿಗೆ ಮುಗಿದ ಹಾಗೆ. ಆಮೇಲೆ ಅವರು ಬಾನೆಟ್ ಎತ್ತಿಸುತ್ತಾರೆ, ಟಯರಿಗೆ ಒದೆಯುತ್ತಾರೆ, ಮೈಲೇಜ್ ಎಷ್ಟು ಅಂತ ಕೇಳುತ್ತಾರೆ. ಅದೆಲ್ಲ ಈಗಾಗಲೇ ಆದ ತೀರ್ಮಾನಕ್ಕೆ ಸಹಿ ಹಾಕುವ ಕೆಲಸ ಅಷ್ಟೆ. ಕೂತ ಹಾಸಿಗೆಯನ್ನು ಎತ್ತಿ ಅದರ ಅಡಿಯ ಹಲಗೆಯನ್ನು ನೋಡಿದವರು ಬಹಳ ಕಡಿಮೆ.

ಭಾವ ನಿವೃತ್ತರಾದ ಮೇಲೆ ಅವರ ತಲೆಗೆ ಈ ವ್ಯಾನಿನ ಹುಳ ಹೊಕ್ಕಿತು. ಅಕ್ಕನನ್ನು ಕೂರಿಸಿಕೊಂಡು ಗೋಕರ್ಣ, ದಾಂಡೇಲಿ, ಆಮೇಲೆ ನಿಧಾನಕ್ಕೆ ಗುಜರಾತ್‌ವರೆಗೆ ಹೋಗಬೇಕು, ಲಾಡ್ಜು ಹುಡುಕುವ ರಗಳೆ ಇರಬಾರದು ಅಂತ ಅವರ ಆಸೆ. ನೋಡಲು ಹೋಗುವಾಗೆಲ್ಲ ನನ್ನನ್ನೂ ಎಳೆದುಕೊಂಡು ಹೋಗತೊಡಗಿದರು. ನನಗೆ ಗಾಡಿಯ ವಿಷಯ ತುಂಬ ಗೊತ್ತು ಅಂತ ಅಲ್ಲ. "ಇವನನ್ನು ಕರಕೊಂಡು ಹೋಗಿ, ಇವನಿಗೆ ಯಾವುದೂ ಇಷ್ಟ ಆಗುವುದಿಲ್ಲ" ಅಂತ ಅಕ್ಕ ಹೇಳಿದ್ದಳು. ತಮಾಷೆಗೆ ಹೇಳಿದ ಮಾತು. ಆದರೆ ಈ ವಿಷಯದಲ್ಲಿ ನಾನು ಕೇಳಿದ ಅತ್ಯಂತ ಉಪಯುಕ್ತ ಸಲಹೆ ಅದೇ. ವ್ಯಾನ್ ಬೇಕು ಅನ್ನುವವರ ಕಣ್ಣಿಗೆ ಅದು ಕಾಣುವ ರೀತಿಯೇ ಬೇರೆ, ಬೇಡದವರ ಕಣ್ಣಿಗೆ ಕಾಣುವ ರೀತಿಯೇ ಬೇರೆ.

ನಮ್ಮ ಊರ ಕಡೆ ಇಂಥ ವ್ಯಾನುಗಳಲ್ಲಿ ಕಂಪೆನಿಯಿಂದಲೇ ಮನೆಯಾಗಿ ಬಂದದ್ದು ಅಪರೂಪ. ಹೆಚ್ಚಿನವು ಟಿಟಿಗಳು, ಅಂದರೆ ಮದುವೆ ದಿಬ್ಬಣಕ್ಕೆ, ಧರ್ಮಸ್ಥಳ–ಸುಬ್ರಹ್ಮಣ್ಯ ಟ್ರಿಪ್ಪಿಗೆ ಓಡಿ ದಣಿದ ಟೆಂಪೋ ಟ್ರಾವೆಲರ್‌ಗಳು. ಸೀಟು ಕಿತ್ತು, ಒಳಗೆ ಪ್ಲೈವುಡ್ ಹೊಡೆದು, ಮಂಚ, ಸಿಂಕು, ಒಲೆ ಕೂರಿಸಿದ್ದು. ಕೊರೋನಾ ಕಾಲದಲ್ಲಿ ಉತ್ಸಾಹದಿಂದ ಮಾಡಿಸಿಕೊಂಡು, ಆಮೇಲೆ ಅಂಗಳದಲ್ಲಿ ನಿಲ್ಲಿಸಿ ಮರೆತವರಿದ್ದಾರೆ. 2021ರಲ್ಲಿ ಕೇರಳ ಸರಕಾರ 'ಕೆರವಾನ್ ಕೇರಳ' ಅಂತ ಕ್ಯಾರವಾನ್ ಪ್ರವಾಸೋದ್ಯಮ ಶುರು ಮಾಡಿದ ಮೇಲೆ ಗಡಿಯ ತಲಪಾಡಿಯ ಆಚೆಯಿಂದಲೂ ಒಂದೊಂದು ಮಾರಾಟಕ್ಕೆ ಬಂದದ್ದು ಕಂಡಿದ್ದೇನೆ. ಹಾಗಾಗಿ ನೋಡಬೇಕಾದದ್ದು ಎರಡು ಜನ್ಮ: ಬಸ್ಸಾಗಿ ಅದು ಹೇಗೆ ಬದುಕಿತು, ಮನೆಯಾದ ಮೇಲೆ ಹೇಗೆ ಬದುಕಿತು.

ಇಲ್ಲೇ ನಮ್ಮ ಮಾಮೂಲಿ ಪದ್ಧತಿ ಕೈಕೊಡುವುದು. ಸೆಕೆಂಡ್ ಹ್ಯಾಂಡ್ ಗಾಡಿ ಅಂದರೆ ಗುರ್ತದ ಒಬ್ಬ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗುವುದು ನಮ್ಮ ಕ್ರಮ. ಅವರು ಎಂಜಿನ್ ಸ್ಟಾರ್ಟ್ ಮಾಡಿ, ಕಿವಿಗೊಟ್ಟು, ಆಯಿಲ್ ಕ್ಯಾಪ್ ತೆಗೆದು ಒಳಗೆ ಹಾಲಿನ ಕೆನೆಯಂಥದ್ದು ಹಿಡಿದಿದೆಯಾ ನೋಡಿ, ಸೈಲೆನ್ಸರಿನ ಹೊಗೆ ನೀಲಿಯಾ ಬಿಳಿಯಾ ನೋಡಿ, "ಎಂಜಿನ್ ಗುಂಡು ಉಂಟು, ನೀವು ಕಣ್ಣು ಮುಚ್ಚಿ ತೆಕ್ಕೊಳ್ಳಿ" ಅನ್ನುತ್ತಾರೆ. ಅವರು ಹೇಳುವುದು ನಿಜವೇ. ಆದರೆ ಟಿಟಿಯ ಎಂಜಿನ್ ಕೆಟ್ಟರೆ ತಲಪಾಡಿಯಿಂದ ಶಿರೂರುವರೆಗೆ ಯಾವ ಗ್ಯಾರೇಜಿನಲ್ಲೂ ಸರಿಮಾಡುವವರು ಸಿಗುತ್ತಾರೆ, ಪಾರ್ಟು ಸಿಗುತ್ತದೆ. ಒಳಗಿನ ಮನೆ ಕೊಳೆತಿದ್ದರೆ ಮಾತ್ರ ಇಡೀ ಮನೆಯನ್ನು ಬಿಚ್ಚಿ ಹೊರಗೆ ಹಾಕಬೇಕು. ಅದರ ಬಗ್ಗೆ ಮೆಕ್ಯಾನಿಕ್‌ಗೆ ಹೇಳಲು ಏನೂ ಇಲ್ಲ, ಅದು ಅವರ ಕೆಲಸವೂ ಅಲ್ಲ.

ಬೈಕಂಪಾಡಿಯ ಬಿಳಿ ವ್ಯಾನ್

ಬೈಕಂಪಾಡಿಯ ಹತ್ತಿರ ಒಂದು ಮನೆಯಂಗಳದಲ್ಲಿ ನಿಂತಿದ್ದ ಬಿಳಿ ವ್ಯಾನ್ ಭಾವನ ಮನಸ್ಸಿಗೆ ಫೋಟೋದಲ್ಲೇ ಹಿಡಿಸಿತ್ತು. ಭಾನುವಾರ ಬೆಳಿಗ್ಗೆ ಹೋದೆವು. ನನ್ನ ಒತ್ತಾಯಕ್ಕೆ ಮಲ್ಪೆಯಿಂದ ಫೈಬರ್ ಕೆಲಸದವರೊಬ್ಬರನ್ನೂ ಕರೆದುಕೊಂಡು ಹೋಗಿದ್ದೆವು. ದೋಣಿಗಳಿಗೆ ಮ್ಯಾಟು ರೆಸಿನ್ ಹಾಕುವವರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ ಇರುವಾಗ ದೋಣಿ ರಿಪೇರಿಯ ಸೀಸನ್, ಆಗ ಅವರು ಕೈಗೆ ಸಿಗುವುದೇ ಕಷ್ಟ. ವಾರದ ರಜೆಯ ದಿನ ಬಂದದ್ದು ಭಾವನ ಹಳೆ ಪರಿಚಯದ ದಾಕ್ಷಿಣ್ಯಕ್ಕೆ. ಮೆಕ್ಯಾನಿಕ್‌ಗಿಂತ ಮೊದಲು ಇವರು ಯಾಕೆ ಅಂತ ಭಾವ ದಾರಿಯುದ್ದಕ್ಕೂ ಗೊಣಗುತ್ತಿದ್ದರು.

ವ್ಯಾನ್ ನಿಜಕ್ಕೂ ಚಂದ ಇತ್ತು. ಆಗಷ್ಟೇ ತೊಳೆದಿದ್ದರು. ಒಳಗೆ ಹತ್ತಿದರೆ ಲಿಂಬೆ ವಾಸನೆಯ ಫ್ರೆಶ್ನರ್ ಮೂಗಿಗೆ ಹೊಡೆಯುತ್ತಿತ್ತು. ಗೋಡೆಗೆ ಮರದ ಡಿಸೈನಿನ ಹೊಸ ಮೈಕಾ, ಚಾವಣಿಗೆ ಪುಟ್ಟ ಪುಟ್ಟ ಎಲ್‌ಇಡಿ, ಕೆನೆಬಣ್ಣದ ಪರದೆ. ಭಾವ ಮಂಚದ ಮೇಲೆ ಕೂತರು. ಅಕ್ಕ ಸಿಂಕಿನ ನಲ್ಲಿ ತಿರುಗಿಸಿ, ನೀರು ಬಂದದ್ದಕ್ಕೆ ಖುಷಿಪಟ್ಟಳು. ಆ ಮನೆಯವರು ಬೊಂಡ (ಎಳನೀರು) ಕೆತ್ತಿ ತಂದುಕೊಟ್ಟರು.

ಫೈಬರಿನವರು ಒಳಗೇ ಬರಲಿಲ್ಲ. ಹೊರಗೆ ಸುತ್ತ ನಡೆಯುತ್ತಾ ಬೆರಳಿನ ಗೆಣ್ಣಿನಿಂದ ವ್ಯಾನಿನ ಮೈಯನ್ನು ಟಕ್ ಟಕ್ ಅಂತ ಬಡಿಯುತ್ತಾ ಹೋದರು. ಎತ್ತರಿಸಿ ಹಾಕಿದ ಫೈಬರ್ ಮಾಡು (ಚಾವಣಿ) ಮತ್ತು ಮೂಲ ತಗಡಿನ ಬಾಡಿ ಸೇರುವ ಕಡೆ ಬಂದಾಗ ನಿಧಾನ ಮಾಡಿದರು. ಎಡಗಡೆ ಹಿಂದಿನ ಮೂಲೆಯಲ್ಲಿ ಸದ್ದು ಬದಲಾಯಿತು. ಟಕ್ ಅನ್ನುತ್ತಿದ್ದದ್ದು ದಪ್ ಅಂದಿತು. ಅವರು ಮತ್ತೆ ಒಂದು ಗೇಣು ಹಿಂದೆ ಹೋಗಿ ಬಡಿದರು, ಮುಂದೆ ಬಂದು ಬಡಿದರು, ಹೆಬ್ಬೆರಳಲ್ಲಿ ಒತ್ತಿದರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಭಾವನಿಗೆ, "ಒಂಚೂರು ಏಳಿ ಭಟ್ರೆ" ಅಂದು ಹಾಸಿಗೆ ಎತ್ತಿದರು. ಅದರ ಕೆಳಗೆ ಪ್ಲೈವುಡ್ಡಿನ ಮುಚ್ಚಳ. ಅದನ್ನೂ ಎತ್ತಿ, ಮೊಬೈಲ್ ಟಾರ್ಚ್ ಹಿಡಿದು, ಮೂಲೆಗೆ ಕೈ ಹಾಕಿದರು. ಕೈ ಹೊರಗೆ ಬಂದಾಗ ಬೆರಳ ತುದಿಯಲ್ಲಿ ಕಪ್ಪು ಬಣ್ಣದ, ಒದ್ದೆ ಮರದ ಪದರ ಅಂಟಿಕೊಂಡಿತ್ತು. ಲಿಂಬೆ ವಾಸನೆಯ ಅಡಿಯಿಂದ ಮುಗ್ಗುಲು ವಾಸನೆ ಎದ್ದು ಬಂತು.

"ಅದು ಮೊನ್ನೆ ನೀರಿನ ಕ್ಯಾನ್ ಚೆಲ್ಲಿದ್ದು ಮಾರಾಯ್ರೆ" ಅಂದರು ಮನೆಯವರು.

ಫೈಬರಿನವರು ಏನೂ ಹೇಳಲಿಲ್ಲ. ಮುಚ್ಚಳವನ್ನು ಮಗುಚಿ ಹಿಡಿದು ತೋರಿಸಿದರು. ಅಡಿಯ ಮಗ್ಗುಲಲ್ಲಿ ಕಂಪೆನಿಯ ಸೀಲ್ ಇತ್ತು, ಅದರ ಪಕ್ಕ 303. ನಮ್ಮ ಆಚಾರಿಗಳನ್ನು ಕೇಳಿದರೆ ಗೊತ್ತಾಗುತ್ತದೆ: ನೀರು ಬೀಳುವ ಕಡೆ ಅವರು '710 ಪ್ಲೈ' ಕೇಳುತ್ತಾರೆ, ನೀರು ತಡೆಯುವ ಮೆರೈನ್ ಪ್ಲೈವುಡ್ಡಿನ ಐಎಸ್ (ಭಾರತೀಯ ಮಾನಕ) ನಂಬರ್ ಅದು. 303 ಅಂದರೆ ಸಾಮಾನ್ಯ ಬಳಕೆಯ ಪ್ಲೈ. ಬೆಡ್‌ರೂಮಿನ ಕಪಾಟಿಗೆ ಧಾರಾಳ ಸಾಕು. ಕಡಲಿಂದ ಕೂಗಳತೆಯಲ್ಲಿ ಮಳೆಗೆ ಮೈಯೊಡ್ಡಿ ನಿಲ್ಲುವ ವ್ಯಾನಿಗೆ ಸಾಲದು. ವ್ಯಾನಿನ ಗುಣಮಟ್ಟ ತಿಳಿಯಲು ನೋಡಬೇಕಾದದ್ದು ಮೈಕಾ ಅಲ್ಲ, ಮೈಕಾ ಹಚ್ಚದೆ ಬಿಟ್ಟ ಮಗ್ಗುಲು. ಯಾರೂ ನೋಡುವುದಿಲ್ಲ ಅಂತ ಕೆಲಸದವನು ಅಂದುಕೊಂಡ ಜಾಗದಲ್ಲಿ ಅವನು ಏನು ಹಾಕಿದ್ದಾನೆ ಅನ್ನುವುದೇ ಇಡೀ ವ್ಯಾನಿನ ಜಾತಕ.

ನೀರಿಗೆ ಅವಸರ ಇಲ್ಲ

ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಈ ವಿದ್ಯೆ ಹೊಸದಲ್ಲ. ಊಟದ ಕೋಣೆಯಲ್ಲಿ ನೀರು ತೊಟ್ಟಿಕ್ಕಿದರೆ ಅದರ ನೇರ ಮೇಲಿನ ಹೆಂಚು ಒಡೆದಿರುತ್ತದೆ ಅಂತ ಏನಿಲ್ಲ. ಎಲ್ಲೋ ಕೋಡಿನ ಹತ್ತಿರ ಒಂದು ಹೆಂಚು ಸರಿದಿರುತ್ತದೆ. ನೀರು ಮಾಡಿನ ಪಕ್ಕಾಸು ಮರದ ಮೈ ಹಿಡಿದು ಇಳಿದು, ಅಡ್ಡ ರೀಪಿನ ಗಂಟು ಸಿಕ್ಕಿದಲ್ಲಿ ಕೆಳಗೆ ಬೀಳುತ್ತದೆ. ಮೇ ತಿಂಗಳಲ್ಲಿ ಮಾಡು ಹತ್ತುತ್ತಿದ್ದ ನಮ್ಮ ಅಜ್ಜ ಕಲೆ ಇರುವಲ್ಲಿಂದ ಶುರುಮಾಡಿ ಮೇಲಕ್ಕೆ ಮೇಲಕ್ಕೆ ಹುಡುಕುತ್ತಾ ಹೋಗುತ್ತಿದ್ದರು. ವ್ಯಾನಿನಲ್ಲೂ ಹಾಗೆಯೇ. ಹಿಂದಿನ ಮೂಲೆಯ ಮಂಚದಡಿ ಕೊಳೆತಿದ್ದರೆ ತೂತು ಅಲ್ಲೇ ಇರಬೇಕೆಂದಿಲ್ಲ. ಚಾವಣಿಯ ನಡುವಿನ ವೆಂಟ್ ಫ್ಯಾನಿನ ಸುತ್ತ ಇರಬಹುದು, ಸೋಲಾರ್ ಪ್ಯಾನೆಲ್ಲಿನ ಬೋಲ್ಟು ಕೊರೆದಲ್ಲಿ ಇರಬಹುದು, ವೈರು ಒಳಗೆ ಇಳಿಸಿದ ತೂತಿನಲ್ಲಿ ಇರಬಹುದು. ನೀರು ಗೋಡೆಯ ಎರಡು ಪದರಗಳ ನಡುವೆ ಸದ್ದಿಲ್ಲದೆ ಇಳಿದು, ಗಾಡಿ ಎತ್ತ ವಾಲಿ ನಿಲ್ಲುತ್ತಿತ್ತೋ ಅತ್ತ ಹೋಗಿ ನಿಂತಿರುತ್ತದೆ. ಹಾಗಾಗಿ ಮನೆಯವರ ಅಂಗಳದಲ್ಲಿ ಅದು ಯಾವಾಗಲೂ ನಿಲ್ಲುವ ಜಾಗ ಯಾವ ಕಡೆ ಇಳಿಜಾರು ಅಂತ ನೋಡಿಕೊಂಡರೆ ಹುಡುಕುವ ಕೆಲಸ ಅರ್ಧ ಕಡಿಮೆ.

ಅದಕ್ಕೇ ಏಣಿ ಇಲ್ಲದೆ ವ್ಯಾನ್ ನೋಡಲು ಹೋಗಬಾರದು ಅಂತ ನನ್ನ ಹಟ. ಮೇಲೆ ಹತ್ತಿ ನೋಡಿದರೆ ಕಥೆ ಅಲ್ಲಿಯೇ ಬರೆದಿರುತ್ತದೆ. ಹಳೆಯ, ಬಿರುಕು ಬಿಟ್ಟ ಸಿಲಿಕೋನಿನ ಮೇಲೆ ಹೊಸ ಬಿಳಿ ಸಿಲಿಕೋನ್ ಬಳಿದಿದ್ದರೆ ಅದು ರಿಪೇರಿಯಲ್ಲ, ಫೋಟೋ ತೆಗೆಯಲು ಮಾಡಿದ್ದು. ಸಿಲಿಕೋನ್ ಹಳೆಯ ಸಿಲಿಕೋನನ್ನೇ ಸರಿಯಾಗಿ ಹಿಡಿಯುವುದಿಲ್ಲ, ಪೂರ್ತಿ ಕೆರೆದು ತೆಗೆದೇ ಹಾಕಬೇಕು. ಹಾಕುವಾಗ ವಿನೆಗರ್ ವಾಸನೆ ಬರುವ ಅಗ್ಗದ ಜಾತಿಯದು ತಗಡಿಗೆ ತುಕ್ಕನ್ನೂ ಹಿಡಿಸುತ್ತದೆ. ಬಸ್ ಬಾಡಿ ಕಟ್ಟುವವರು ಬಳಸುವ ಪಿಯು (ಪಾಲಿಯುರೆಥೇನ್) ಸೀಲಂಟ್ ಇದ್ದರೆ, ಮಾಡಿಸಿದವನಿಗೆ ಕೆಲಸ ಗೊತ್ತಿತ್ತು ಅಂತ ಸ್ವಲ್ಪ ನಂಬಬಹುದು.

ತೇವ ಅಳೆಯುವ ಮೀಟರು ಈಗ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದೆ, ಎರಡು ಸೂಜಿ ಚುಚ್ಚಿದರೆ ಅಂಕಿ ತೋರಿಸುತ್ತದೆ. ಆದರೆ ಇಂಟರ್ನೆಟ್ಟಿನಲ್ಲಿ ಹೇಳುವ ಅಂಕಿಗಳನ್ನು ಜುಲೈ ತಿಂಗಳ ಉಡುಪಿಗೆ ತಂದರೆ ಊರಲ್ಲಿರುವ ಎಲ್ಲ ಬಾಗಿಲೂ ಕೊಳೆತದ್ದೇ ಅಂತ ಲೆಕ್ಕ ಬರುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ, ಉಪ್ಪಿನ ಡಬ್ಬಿಯೂ ನೀರೊಡೆಯುವ ಊರು ಇದು. ಇಲ್ಲಿ ಒಣ ಮರವೂ ಗಾಳಿಯಿಂದಲೇ ತೇವ ಹೀರಿಕೊಂಡಿರುತ್ತದೆ. ಆದ್ದರಿಂದ ಅದೇ ವ್ಯಾನಿನಲ್ಲಿ ಎದೆಯೆತ್ತರದ ಗೋಡೆಯಲ್ಲಿ ಒಂದು ಸಲ, ಮೂಲೆಯ ಬುಡದಲ್ಲಿ ಇನ್ನೊಂದು ಸಲ ಅಳೆಯಬೇಕು. ಎರಡರ ನಡುವಿನ ವ್ಯತ್ಯಾಸ ಹೆಚ್ಚಿದ್ದರೆ ಅಲ್ಲಿ ನೀರು ಬಂದಿದೆ ಅಂತ ಅರ್ಥ. ಮೀಟರಿಲ್ಲದಿದ್ದರೆ ಮೂಗು ಸಾಕು. ಬಾಗಿಲು ಕಿಟಕಿ ಎಲ್ಲ ಒಂದು ಗಂಟೆ ಹಾಕಿಟ್ಟು, ಆಮೇಲೆ ತೆರೆದ ಕೂಡಲೇ ಬರುವ ಮೊದಲ ಉಸಿರಿನಲ್ಲಿ ಏನಿದೆ ಅನ್ನುವುದು ಮುಖ್ಯ. ಫ್ರೆಶ್ನರ್ ಘಮಘಮಿಸಿದರೆ ನಾನು ಇನ್ನೂ ಗಟ್ಟಿಯಾಗಿ ಉಸಿರೆಳೆದುಕೊಳ್ಳುತ್ತೇನೆ.

ಈ ಕಾರಣಕ್ಕೆ ನನಗೆ ಒಂದು ವಿಚಿತ್ರ ಅಭಿಪ್ರಾಯ ಹುಟ್ಟಿದೆ. ನವೆಂಬರ್ ಡಿಸೆಂಬರಿನಲ್ಲಿ, ಬಿಸಿಲು ಬಿದ್ದು ಎಲ್ಲ ಒಣಗಿ, ಪೈಂಟು ಹೊಡೆದು ನಿಲ್ಲಿಸಿದ ಮೇಲೆ ವ್ಯಾನ್ ನೋಡಲು ಹೋಗಲೇಬಾರದು. ಜುಲೈಯಲ್ಲಿ, ಎರಡು ದಿನ ಎಡೆಬಿಡದೆ ಹೊಡೆದ ಮಳೆಯ ಮರುದಿನ, ಕೊಡೆ ಹಿಡಿದುಕೊಂಡು ಹೋಗಬೇಕು. ಆಗ ಗಾಡಿ ಸುಳ್ಳು ಹೇಳಲು ಆಗುವುದಿಲ್ಲ. ಭಾವನಿಗೆ ಇದು ಒಪ್ಪಿಗೆಯಿಲ್ಲ, ಮಳೆಯಲ್ಲಿ ಯಾವ ಗಾಡಿಯೂ ಚಂದ ಕಾಣುವುದಿಲ್ಲ ಅಂತ ಅವರ ವಾದ. ನನ್ನ ಕಾರಣವೂ ಅದೇ.

ಅಡಿ ಮತ್ತು ಭಾರ

ಹಳೆ ಚಾಪೆ ಹಾಸಿ ಗಾಡಿಯ ಅಡಿಗೆ ನುಗ್ಗುವುದು ಯಾರಿಗೂ ಇಷ್ಟದ ಕೆಲಸ ಅಲ್ಲ. ಆದರೆ ನಮ್ಮ ಕರಾವಳಿಯ ಗಾಡಿಗಳು ಸಾಯುವುದು ಕೆಳಗಿನಿಂದಲೇ. ಕಡಲ ಬದಿಯಲ್ಲಿ ನಿಲ್ಲಿಸಿದರೆ ಉಪ್ಪುಗಾಳಿ. ಹೆದ್ದಾರಿ 66ರಲ್ಲಿ ಮೀನು ಲಾರಿಯ ಹಿಂದೆ ಸಿಕ್ಕಿಬಿದ್ದರೆ ಐಸು ಕರಗಿದ ಉಪ್ಪುನೀರಿನ ಅಭಿಷೇಕ. (ಆ ನೀರಿನ ವಾಸನೆ ಬಟ್ಟೆಗೆ ಹಿಡಿದರೆ ಅದು ಬೇರೆಯೇ ಅಧ್ಯಾಯ.) ಮಾರುವ ಮುಂಚೆ ಅಡಿಗೆ ಕಪ್ಪು ಅಂಡರ್‌ಕೋಟಿಂಗ್ ಹೊಡೆಸುವುದು ಮಾಮೂಲು. ಮೇಲಿನ ಬಾಡಿ ಹಳೆಯದಾಗಿ, ಅಡಿ ಮಾತ್ರ ಹೊಳೆಯುತ್ತಿದ್ದರೆ ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿಯ ಉದ್ದಕ್ಕೂ ಬಡಿದು ನೋಡಬೇಕು. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ಪದರ ಪದರ ತುಕ್ಕು ಎದ್ದಿದ್ದರೆ ಸದ್ದು ಒಳಗೇ ಸತ್ತುಹೋಗುತ್ತದೆ, ಬಣ್ಣದ ಚಕ್ಕೆಯೂ ಉದುರುತ್ತದೆ. ಬಾಡಿಗೆ ಟಿಂಕರಿಂಗ್ ಮಾಡಿ ಪುಟ್ಟಿ ಮೆತ್ತಿದ್ದಾರೋ ಅಂತ ತಿಳಿಯಲು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ಟೇ ಸಾಕು. ಪುಟ್ಟಿ ದಪ್ಪ ಇದ್ದಲ್ಲಿ ಅದು ಹಿಡಿಯುವುದಿಲ್ಲ. ಫೈಬರ್ ಭಾಗಕ್ಕೆ ಮ್ಯಾಗ್ನೆಟ್ ಹಿಡಿದು ಗಾಬರಿಯಾಗಬೇಡಿ, ಭಾವ ಆಗಿದ್ದರು.

ಟಯರಿನ ವಿಷಯದಲ್ಲಿ ಮೋಸ ಹೋಗುವುದು ಸುಲಭ. ಇಂಥ ಗಾಡಿ ಓಡುವುದಕ್ಕಿಂತ ನಿಲ್ಲುವುದು ಹೆಚ್ಚು, ಹಾಗಾಗಿ ರಸ್ತೆಗೆ ತಾಗುವ ಮೈಯ ಗುಂಡಿ ಚೆನ್ನಾಗಿಯೇ ಉಳಿದಿರುತ್ತದೆ. ನೋಡಬೇಕಾದದ್ದು ಬದಿಯ ಗೋಡೆಯಲ್ಲಿ ಒತ್ತಿದ ನಾಲ್ಕಂಕಿ. 2218 ಅಂದರೆ 2018ರ 22ನೇ ವಾರ ತಯಾರಾದದ್ದು. ರಬ್ಬರು ಸವೆಯದಿದ್ದರೂ ಮುದಿಯಾಗುತ್ತದೆ, ಬದಿಯಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ, ಭಾರ ಹೊತ್ತು ಬಿಸಿಲಿಗೆ ಓಡುವಾಗ ಒಡೆಯುತ್ತದೆ.

ಭಾರ ಅಂದಾಗ ನೆನಪಾಯಿತು. ವ್ಯಾನ್ ತೂಗಿಸಿ ನೋಡಬೇಕು ಅಂದರೆ ಮಾರುವವರೂ ನಗುತ್ತಾರೆ, ಲಾರಿ ತೂಗುವ ವೇಬ್ರಿಜ್‌ನವನೂ ನಗುತ್ತಾನೆ. ಆದರೂ ತೂಗಿಸಬೇಕು. ನೂರು ಲೀಟರಿನ ಟ್ಯಾಂಕ್ ತುಂಬಿದರೆ ನೂರು ಕಿಲೋ. 150 ಎಎಚ್‌ (ಆಂಪಿಯರ್-ಅವರ್)ನ ಒಂದು ಟ್ಯೂಬ್ಯುಲರ್ ಬ್ಯಾಟರಿ, ಮನೆಯ ಇನ್ವರ್ಟರಿಗೆ ಇಡುವಂಥದ್ದು, 50 ಕಿಲೋ ದಾಟುತ್ತದೆ. ಅದರ ಮೇಲೆ ಪ್ಲೈವುಡ್, ಮಂಚ, ಫೈಬರ್ ಮಾಡು, ಸೋಲಾರ್, ಗ್ಯಾಸು, ಅಕ್ಕನ ಕುಕ್ಕರು, ಕುಚ್ಚಲಕ್ಕಿ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕದ ಮಿತಿಗೆ ಎಷ್ಟು ಕಿಲೋ ಉಳಿದಿದೆ ಅಂತ ಗೊತ್ತಿಲ್ಲದೆ ಚಾರ್ಮಾಡಿ ಇಳಿಯುವುದು ನನಗೆ ಧೈರ್ಯ ಅನ್ನಿಸುವುದಿಲ್ಲ. ಮುಂದಿನ ಚಕ್ರ ಮಾತ್ರ ಒಮ್ಮೆ, ಹಿಂದಿನದು ಮಾತ್ರ ಒಮ್ಮೆ ತೂಕಕ್ಕೆ ಹತ್ತಿಸಿದರೆ ಇನ್ನೂ ಒಳ್ಳೆಯದು. ಮಂಚ, ಬ್ಯಾಟರಿ, ಟ್ಯಾಂಕ್ ಮೂರನ್ನೂ ಹಿಂದೆಯೇ ತುರುಕಿದವರು ಬಹಳ.

ಓಡಿಸಿ ನೋಡುವಾಗಲೂ ಹೆದ್ದಾರಿಯ ಸಪಾಟು ರಸ್ತೆಯಲ್ಲಿ ನಾಲ್ಕು ಕಿಲೋಮೀಟರು ಹೋಗಿ ಬಂದರೆ ಏನೂ ತಿಳಿಯುವುದಿಲ್ಲ. ಟ್ಯಾಂಕ್ ತುಂಬಿಸಿ, ಇಂದ್ರಾಳಿಯಿಂದ ಮಣಿಪಾಲದ ಕಡೆಗಿನ ಏರು ಹತ್ತಿಸಿ, ಇಳಿಸಿ. ಕಪಾಟಿನ ಬಾಗಿಲು ಯಾವುದು ತಾನಾಗಿ ತೆರೆಯಿತು, ಎಲ್ಲಿ ಕಿರುಗುಟ್ಟಿತು, ತಿರುವಿನಲ್ಲಿ ಎಷ್ಟು ವಾಲಿತು, ಬ್ರೇಕ್ ಒತ್ತಿದಾಗ ಒಂದು ಕಡೆಗೆ ಎಳೆಯಿತಾ ಎಲ್ಲ ಆ ಏರಿಳಿತದಲ್ಲೇ ಬಯಲಾಗುತ್ತದೆ. ಹೋಗುವ ಮೊದಲು ಎಂಜಿನ್ ತಣ್ಣಗಿರಬೇಕು, ಬಾನೆಟ್ ಮುಟ್ಟಿ ನೋಡಿ. ನಾವು ಬರುವ ಮೊದಲೇ ಸ್ಟಾರ್ಟ್ ಮಾಡಿ ಬೆಚ್ಚಗೆ ಇಟ್ಟಿದ್ದರೆ ಯಾಕೆ ಅಂತ ಕೇಳಿ.

ಪ್ಲಗ್ ತೆಗೆದ ಮೇಲೆ

ಮಾರುವವರ ಮನೆಯಿಂದ ಒಂದು ಎಕ್ಸ್‌ಟೆನ್ಶನ್ ವಯರು ಬಂದು ವ್ಯಾನಿಗೆ ಸೇರಿರುತ್ತದೆ. ಲೈಟು ಉರಿಯುತ್ತದೆ, ಫ್ರಿಜ್ಜು ತಣ್ಣಗಿದೆ, ಫ್ಯಾನು ಗಿರಗಿರ ತಿರುಗುತ್ತದೆ. ಮೊದಲು ಆ ವಯರು ಕೀಳಲು ಹೇಳಬೇಕು. ಆಮೇಲೆ ಎಲ್ಲವನ್ನೂ ಒಟ್ಟಿಗೆ ಹಾಕಿ, ಅರ್ಧ ಗಂಟೆ ಬೊಂಡ ಕುಡಿಯುತ್ತಾ ಕೂರಬೇಕು. 12 ವೋಲ್ಟಿನ ಸೀಸದ ಬ್ಯಾಟರಿ ತುಂಬಿ, ಏನೂ ಕೆಲಸವಿಲ್ಲದೆ ಇದ್ದಾಗ 12.6ರ ಮೇಲೆ ತೋರಿಸಬೇಕು, 12.2 ಅಂದರೆ ಹೆಚ್ಚುಕಮ್ಮಿ ಅರ್ಧ ಖಾಲಿ. ಲೋಡು ಹಾಕಿದ ಕೂಡಲೇ ಮೀಟರ್ ಧೊಪ್ಪನೆ ಕುಸಿದರೆ ಬ್ಯಾಟರಿ ಮುಗಿದಿದೆ. ಅದು ದೊಡ್ಡ ದೋಷ ಅಲ್ಲ, ಬೆಲೆಯಲ್ಲಿ ಕಳೆಯಬಹುದು. ನನಗೆ ಭಯ ಹುಟ್ಟಿಸುವುದು ಬೇರೆ: ಮನೆಯ ಇನ್ವರ್ಟರಿನ ಟ್ಯೂಬ್ಯುಲರ್ ಬ್ಯಾಟರಿಯನ್ನು ತಂದು ಮಂಚದ ಅಡಿಯ ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿರುವುದು. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಬರುತ್ತದೆ. ಮನೆಯಲ್ಲಾದರೆ ಜಗಲಿಯ ಮೂಲೆಯಲ್ಲಿ ಗಾಳಿಗೆ ಇಟ್ಟಿರುತ್ತೇವೆ. ಇಲ್ಲಿ ಅದರ ಮೇಲೆಯೇ ಮಲಗುವುದು. ಪೆಟ್ಟಿಗೆಯಿಂದ ಹೊರಗೆ ಗಾಳಿಯ ಪೈಪು ಇದೆಯಾ ಅನ್ನುವುದು ನಾನು ಎಲ್ಲ ವ್ಯಾನಿನಲ್ಲೂ ಕೇಳುವ ಪ್ರಶ್ನೆ, ಹೆಚ್ಚಿನವರಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ.

ಇಂಡಕ್ಷನ್ ಒಲೆ ಇಟ್ಟು "ಗ್ಯಾಸಿನ ರಗಳೆಯೇ ಇಲ್ಲ" ಅನ್ನುವವರಿದ್ದಾರೆ. 2,000 ವ್ಯಾಟಿನ ಒಲೆಯನ್ನು 12 ವೋಲ್ಟಿನ ಬ್ಯಾಟರಿಯಿಂದ ಓಡಿಸಿದರೆ 160 ಆಂಪಿಯರಿಗಿಂತ ಹೆಚ್ಚು ಕರೆಂಟ್ ಹರಿಯಬೇಕು. ಆ ವಯರು ಹೆಬ್ಬೆರಳ ದಪ್ಪಕ್ಕೆ ಹತ್ತಿರ ಇಲ್ಲದಿದ್ದರೆ ಒಂದು ಪಾತ್ರೆ ನೀರು ಕುದಿಸಿ ಆಮೇಲೆ ವಯರನ್ನು ಮುಟ್ಟಿ ನೋಡಿ. ಗ್ಯಾಸ್ ಇದ್ದರೆ ಟ್ಯೂಬಿನ ಮೇಲಿನ ತಾರೀಕು ನೋಡಬೇಕು, ಸೋರಿಕೆ ತಿಳಿಯಲು ಜೋಡಣೆಗಳಿಗೆ ಸೋಪಿನ ನೀರು ಹಚ್ಚಬೇಕು, ಸಿಲಿಂಡರ್ ಇಟ್ಟ ಗೂಡಿನ ನೆಲದಲ್ಲಿ ಹೊರಗೆ ತೆರೆಯುವ ತೂತು ಇದೆಯಾ ನೋಡಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ದು ಕೆಳಗೆ ಬಂದು ನಿಲ್ಲುತ್ತದೆ, ಮೇಲಿನ ಕಿಟಕಿ ತೆರೆದಿಟ್ಟರೆ ಹೋಗುವುದಿಲ್ಲ. ವ್ಯಾನಿನಲ್ಲಿ ಬೇಕೆಂದೇ ಇರಬೇಕಾದ ತೂತುಗಳಲ್ಲಿ ಇದೂ ಒಂದು, ಅದನ್ನೇ ಜಿರಲೆ ಬರುತ್ತದೆ ಅಂತ ಟೇಪು ಹಚ್ಚಿ ಮುಚ್ಚಿದ್ದು ನೋಡಿದ್ದೇನೆ.

ಕಕ್ಕಸಿನ ಬಗ್ಗೆ ಉದ್ದ ಬರೆಯುವುದಿಲ್ಲ. ಮುಚ್ಚಳ ತೆಗೆದು ನೋಡಿ, ಟ್ಯಾಂಕ್ ಹೇಗೆ ಖಾಲಿ ಮಾಡುತ್ತೀರಿ ಅಂತ ಕೇಳಿ, ಉತ್ತರ ಹೇಳುವಾಗ ಅವರ ಮುಖ ನೋಡಿ.

ಕಾಗದದಲ್ಲಿ ಅದು ಇನ್ನೂ ಬಸ್ಸು

ಬೈಕಂಪಾಡಿಯ ವ್ಯಾನಿನ ಆರ್‌ಸಿ ನೋಡಿದಾಗ ಅದರಲ್ಲಿ ಸೀಟುಗಳ ಸಂಖ್ಯೆ ಹಳೆಯದೇ ಇತ್ತು. ಒಳಗೆ ನಾಲ್ಕು ಸೀಟು, ಕಾಗದದಲ್ಲಿ ದಿಬ್ಬಣ. "ಯಾರೂ ಕೇಳುವುದಿಲ್ಲ ಮಾರಾಯ್ರೆ, ನಾವು ಗೋವಾಕ್ಕೆ ಹೋಗಿ ಬಂದದ್ದು" ಅಂದರು. ಚೆಕ್‌ಪೋಸ್ಟಿನಲ್ಲಿ ಕೇಳದೆ ಇರಬಹುದು. ಅಪಘಾತ ಆದ ಮೇಲೆ ಇನ್ಶೂರೆನ್ಸ್‌ನವರು ಕೇಳಿಯೇ ಕೇಳುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪೆನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಬಿಗಿಯಾಗಿ ಹೇಳಿತು. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಅನ್ನುವ ವರ್ಗ ಕಾನೂನಿನಲ್ಲೇ ಇದೆ, ಆರ್‌ಸಿಯಲ್ಲಿ ಅದು ಇರಬೇಕು, ಇಲ್ಲವೇ ಕ್ಯಾರವಾನ್ ಅಂತಾದರೂ ಬರೆದಿರಬೇಕು. ಪ್ಲೇಟಿನ ಬಣ್ಣವೂ ನೋಡಿ: ಹಳದಿ ಬೋರ್ಡಿನ ಟೂರಿಸ್ಟ್ ಗಾಡಿಗೆ ಬರೀ ಬಿಳಿ ಪೈಂಟು ಹೊಡೆದರೆ ಅದು ಮನೆ ಬಳಕೆಯ ಗಾಡಿ ಆಗುವುದಿಲ್ಲ.

ಕೇರಳದ ಕೆಎಲ್ 14 ನಂಬರಿನ ಗಾಡಿ ಅಗ್ಗಕ್ಕೆ ಸಿಗುತ್ತದೆ ಅಂತ ಓಡುವವರಿಗೆ ಒಂದು ಮಾತು. ಕಾಸರಗೋಡಿನಿಂದ ಎನ್‌ಒಸಿ ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು, ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟರೆ ಇಲ್ಲಿನ ನಂಬರಿಗೆ ಬದಲಾಯಿಸಲೇಬೇಕು. ಅಗ್ಗವಾದ ಬೆಲೆಗೆ ಇದನ್ನೆಲ್ಲ ಸೇರಿಸಿ ನೋಡಿ. ಸಾಲ ಇದ್ದರೆ ಬ್ಯಾಂಕಿನ ಪತ್ರ ಮತ್ತು ಫಾರಂ 35, ಹೆಸರು ಬದಲಿಗೆ 29 ಮತ್ತು 30, ಇವೆಲ್ಲ ಏಜೆಂಟರಿಗೆ ಬಾಯಿಪಾಠ. ಏಜೆಂಟರು ಮಾಡದ ಒಂದು ಕೆಲಸ ಮಾತ್ರ ನಾವೇ ಮಾಡಬೇಕು. ಚಾಸಿ ನಂಬರ್ ಒತ್ತಿದ ಜಾಗವನ್ನು ಬಟ್ಟೆಯಿಂದ ಒರೆಸಿ, ಮೇಲೆ ಕಾಗದ ಇಟ್ಟು, ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದು ಆರ್‌ಸಿಯ ಜೊತೆ ಅಕ್ಷರ ಅಕ್ಷರ ಹೋಲಿಸುವುದು. ನಮ್ಮ ಕಡೆಯ ತುಕ್ಕು ಇಂಥ ಅಂಕಿಯನ್ನೂ ತಿನ್ನುತ್ತದೆ. ಬೈಕಂಪಾಡಿಯಲ್ಲಿ ಕೊನೆಯ ಎರಡು ಅಂಕಿ ಕಾಗದದ ಮೇಲೆ ಮೂಡಲೇ ಇಲ್ಲ. ಭಾವ ಮೊದಲ ಸಲ ಗಂಭೀರರಾದದ್ದು ಆಗ. ಕೊಳೆತ ಹಲಗೆಯನ್ನು ಬದಲಾಯಿಸಬಹುದು ಅಂತ ವಾದಿಸುತ್ತಿದ್ದವರು, ನಲವತ್ತು ವರ್ಷ ಆಫೀಸಿನಲ್ಲಿ ಕೂತ ಮನುಷ್ಯ, ಕಾಗದ ಹೊಂದದ ಗಾಡಿಯ ಮುಂದೆ ಮಾತಿಲ್ಲದೆ ನಿಂತರು.

ಅಂಬಲಪಾಡಿಯ ಕುರೂಪಿ

ಈಗ ಮಾತು ನಡೆಯುತ್ತಿರುವುದು ಅಂಬಲಪಾಡಿಯ ಒಂದು ವ್ಯಾನಿನ ಬಗ್ಗೆ. ಅದನ್ನು ನೋಡಿ ಅಕ್ಕನ ಮುಖ ಬಾಡಿತು. ಹಸಿರು ರೆಕ್ಸಿನ್ ಹರಿದ ಸೀಟು, ಮೈಕಾ ಇಲ್ಲದೆ ಬರೀ ವಾರ್ನಿಶ್ ಹಚ್ಚಿದ ಹಲಗೆ, ಪರದೆಯ ಬದಲು ಹಳೆ ಸೀರೆ. ಮಾಲೀಕರು ನಿವೃತ್ತ ಮೇಷ್ಟ್ರು. ವ್ಯಾನಿಗೆಂದೇ ತಗಡಿನ ಶೆಡ್ಡು ಕಟ್ಟಿಸಿದ್ದರು. ನಾನು ಕೇಳುವ ಮೊದಲೇ ಹಾಸಿಗೆ ಎತ್ತಿ ತೋರಿಸಿ, "ಇಲ್ಲಿ ಒಂದು ಸಲ ಸೋರಿತ್ತು, ಈ ಹಲಗೆ ಹೊಸತು" ಅಂದರು. ಹಲಗೆಯ ಅಡಿಯಲ್ಲಿ 710ರ ಸೀಲ್ ಇತ್ತು. ಒಂದು ಇನ್ನೂರು ಪುಟದ ನೋಟ್‌ಬುಕ್ ತಂದುಕೊಟ್ಟರು. ಡೀಸೆಲ್, ಆಯಿಲ್, ಬೆಲ್ಟ್, ಯಾವ ಬೋಲ್ಟಿನ ಸುತ್ತ ಯಾವಾಗ ಸೀಲಂಟ್ ಹಾಕಿದ್ದು, ಎಲ್ಲ ಮೇಷ್ಟ್ರ ಗುಂಡು ಅಕ್ಷರದಲ್ಲಿ. ಫೈಬರಿನವರು ಸುತ್ತ ಬಡಿದು ಬಂದು, "ಸಾಕು" ಅಂತ ಮಾತ್ರ ಹೇಳಿದರು. ಅವರ ಬಾಯಲ್ಲಿ ಅದು ಪ್ರಶಂಸಾಪತ್ರ.

ದೋಷ ಇಲ್ಲ ಅಂತ ಅಲ್ಲ. ಟಯರ್ ನಾಲ್ಕೂ ಮುದಿ. ಬ್ಯಾಟರಿ ಲೋಡಿಗೆ ಕುಸಿಯುತ್ತದೆ. ಆರ್‌ಸಿಯಲ್ಲಿ ಕ್ಯಾಂಪರ್ ಅಂತ ಇದೆ, ಆದರೆ ಹದಿನೈದು ವರ್ಷದ ನೋಂದಣಿ ಮುಗಿಯಲು ಬಹಳ ಸಮಯ ಉಳಿದಿಲ್ಲ, ಆಮೇಲೆ ಐದು ವರ್ಷಕ್ಕೆ ರಿನ್ಯೂ ಮಾಡಿಸಬೇಕು. ಟಯರು ಬ್ಯಾಟರಿಯ ಹಣ ಬೆಲೆಯಲ್ಲಿ ಕಳೆಯಲು ಮೇಷ್ಟ್ರು ಒಪ್ಪಿದ್ದಾರೆ, ರಿನ್ಯೂವಲ್ಲಿನದ್ದು ಒಪ್ಪಿಲ್ಲ. ಚೌಕಾಸಿ ಅಲ್ಲಿಗೆ ನಿಂತಿದೆ. ಭಾವ ಮಾತ್ರ ಮನಸ್ಸಿನಲ್ಲೇ ಅದನ್ನು ಕೊಂಡು, ಮಾಡಿನ ಮೇಲೆ ಎಸಿ ಕೂರಿಸುವ ಲೆಕ್ಕಕ್ಕೆ ಇಳಿದಿದ್ದಾರೆ. ಸೋರದ ಮಾಡಿಗೆ ಇನ್ನೊಂದು ತೂತು ಕೊರೆಸಬೇಡಿ, ಎಸಿ ಓಡಿಸಲು ಜನರೇಟರು ಬೇಕು, ಅದಕ್ಕೆ ಇನ್ನಷ್ಟು ಭಾರ ಅಂತ ನಾನು. ಸೆಕೆಗಾಲದಲ್ಲಿ ನೀನು ಒಳಗೆ ಮಲಗಿ ತೋರಿಸು ಅಂತ ಅವರು. ಸದ್ಯಕ್ಕೆ ಎರಡು 12 ವೋಲ್ಟಿನ ಫ್ಯಾನು ಸಾಕು ಅಂತ ಅಕ್ಕ ತೀರ್ಮಾನ ಕೊಟ್ಟಿದ್ದಾಳೆ, ಆದರೆ ಆ ಸೀರೆಯ ಪರದೆ ಮೊದಲ ದಿನವೇ ಹೋಗಬೇಕಂತೆ.